ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು

ಮನೆಯ ಕಾಗದಪತ್ರ ಯಾರ ಕೈಯಲ್ಲಿರುತ್ತದೋ ಅವರೇ ಮನೆಯ ಯಜಮಾನರು ಎಂದು ಬಹಳ ಕಾಲ ನಂಬಿದ್ದೆ. ಅಡುಗೆಮನೆಯಲ್ಲಿ ಅರಿಶಿಣದ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ರೇಷನ್ ಕಾರ್ಡು, ಲೈಟ್ ಬಿಲ್ಲು, ಗ್ಯಾಸಿನ ಪುಸ್ತಕ ಇವನ್ನೆಲ್ಲ ಕಣ್ಣು ಮುಚ್ಚಿ ತೆಗೆದುಕೊಡಬಲ್ಲೆ. ಕಪಾಟಿನಲ್ಲಿ ಒಂದು ಹಸಿರು ಫೈಲಿದೆ. ನಮ್ಮ ಸಂಸಾರ ಪೂರ್ತಿ ಅದರಲ್ಲಿದೆ ಎಂದು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ನನ್ನ ಹೆಂಡತಿ ಅರ್ಧ ಮಾತ್ರ ಇದ್ದಾಳೆಂಬುದು ಗೊತ್ತಾದದ್ದು, ಇಬ್ಬರೂ ಹಡಗು ಹತ್ತುವ ಪ್ರಸಂಗ ಬಂದಾಗ.

ಸಾಂಗ್ಲಿ–ಮಿರಜ್ ರಸ್ತೆಯಲ್ಲಿ ನನ್ನದೊಂದು ಪಂಪುಸೆಟ್ಟಿನ ಅಂಗಡಿ. ಎರಡೂ ಊರು ಬೆಳೆದು ಬೆಳೆದು ನಡುವಿನ ಬಯಲೆಲ್ಲ ಶೋರೂಮಾಗುತ್ತಿದ್ದ ವರ್ಷಗಳವು. ಹಿಂದೆಲ್ಲ ಪಂಪು ಚೆನ್ನಾಗಿ ಮಾರಿದರೆ ಕಂಪನಿಯವರು ಗೋಡೆ ಗಡಿಯಾರ ಕೊಡುತ್ತಿದ್ದರು; ಆಮೇಲೆ ಸೂಟ್‌ಕೇಸು ಕೊಟ್ಟರು; ದೇಶದ ಬಾಗಿಲು ತೆರೆದ ಮೇಲೆ ಅವರ ಕೈಯೂ ಬಿಚ್ಚಿತು. ಆ ವರ್ಷ ಒಳ್ಳೆಯ ವ್ಯಾಪಾರ ಮಾಡಿದ ಡೀಲರುಗಳನ್ನು ಪತ್ನೀಸಮೇತ ಸಿಂಗಪುರಕ್ಕೆ ಒಯ್ದು, ಅಲ್ಲಿಂದ ಮೂರು ದಿನ ಹಡಗಿನಲ್ಲಿ ಸುತ್ತಾಡಿಸುವುದಾಗಿ ಪತ್ರ ಬಂತು. ಹಡಗಿನ ಮೇಲೆ ಈಜುಕೊಳವೂ ಇದೆಯಂತೆ. ಅದಕ್ಕೂ ಒಂದು ಪಂಪು ಬೇಕಲ್ಲ ಎಂದು ನನಗೆ ವ್ಯಾಪಾರದ ಯೋಚನೆ ಬಂತು. ಹೆಂಡತಿಯ ಯೋಚನೆಯೇ ಬೇರೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. “ಅಹೋ, ಸಮುದ್ರದಾಗ ಹೊತ್ತು ಎಷ್ಟಕ್ಕ ಮುಣಗತೈತಿ ಕೇಳ್ರಿ. ಅಡಗಿಯವರಿಗೆ ಮೊದಲೇ ಹೇಳಬೇಕಲ್ಲ?” ಎಂದಳು.

ಪತ್ರದ ಬೆನ್ನಿಗೆ ಬೇಕಾದ ಕಾಗದಗಳ ಪಟ್ಟಿಯಿತ್ತು. ಪಾಸ್‌ಪೋರ್ಟು, ವೀಸಾದ ಅರ್ಜಿ, ಬಿಳಿ ಪರದೆಯ ಮುಂದೆ ತೆಗೆಸಿದ ಫೋಟೋ, ಹೀಗೆ. ಎಲ್ಲದರಲ್ಲೂ ಹೆಸರು ಒಂದೇ ಥರ ಇರಬೇಕು ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದರು. ಇದೇನು ಮಹಾ ಎಂದು ನಾನು ಅದೇ ದಿನ ‘ಅಣ್ಣಾಸಾಹೇಬ ಚೌಗುಲೆ, ಪತ್ನಿ ಸುಜಾತಾ’ ಎಂದು ಕಂಪನಿಗೆ ಬರೆದು ಕಳಿಸಿದೆ. ಪಾಸ್‌ಪೋರ್ಟಿನ ಅರ್ಜಿಗಳನ್ನೂ ಅಂಗಡಿಯಲ್ಲೇ ಕುಳಿತು, ಗಿರಾಕಿಗಳ ನಡುವೆ, ಅವಳನ್ನು ಒಂದು ಮಾತೂ ಕೇಳದೆ ತುಂಬಿದೆ. ಸಾಂಗ್ಲಿಯ ಏಜೆಂಟ್ ಕುಲಕರ್ಣಿ ಅವನ್ನು ಕನ್ನಡಕದ ಮೇಲಿಂದ ನೋಡಿ, ವಹಿನಿಯವರ, ಎಂದರೆ ನನ್ನ ಹೆಂಡತಿಯ, ಶಾಲೆಯ ದಾಖಲೆ ತನ್ನಿ ಎಂದು ಮರಾಠಿಯಲ್ಲಿ ಹೇಳಿದರು.

ಅವಳ ಶಾಲೆ ಇರುವುದು ತವರೂರು ಆರಗದಲ್ಲಿ. ಇಬ್ಬರೂ ಬಸ್ಸು ಹಿಡಿದು ಹೋದೆವು. ಹೆಡ್‌ಮಾಸ್ತರರು ಇನ್ನೂ ತರುಣರು; ನಮ್ಮ ಕನ್ನಡ ಅವರಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಹಳೆಯ ರಜಿಸ್ಟರು ತೆಗೆದು ಧೂಳು ಕೊಡವಿ ಪುಟದ ಮೇಲೆ ಪುಟ ತಿರುವಿದರು. ಸುಜಾತಾ ಎಂಬ ಹೆಸರಿರಲಿಲ್ಲ. ನಾನು ಸ್ವಲ್ಪ ದನಿಯೇರಿಸಿ, ಸರಿಯಾಗಿ ನೋಡಿ ಎಂದೆ. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ ಹೆಂಡತಿ ಆಗ ಬಾಯಿ ಬಿಟ್ಟಳು:

“ಸುಜಾತಾ ಹೆಂಗ ಸಿಗತಾಳ್ರಿ ಸರ? ಆಕಿ ಸಾಲಿಗೇ ಹೋಗಿಲ್ಲ. ಚಂಪಾ ಭೂಪಾಲ ಪಾಟೀಲ ಅಂತ ನೋಡ್ರಿ.”

ಒಂದೇ ನಿಮಿಷದಲ್ಲಿ ಚಂಪಾ ಸಿಕ್ಕಳು. ನನಗೆ ಆಗ ನೆನಪಾಯಿತು. ನಮ್ಮ ಕಡೆ ಮದುವೆಯ ದಿನ ಮದುಮಗ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಚಂಪಾ ಎಂಬುದು ಹಳೇ ಕಾಲದ್ದು ಅನ್ನಿಸಿ, ಕಾಲೇಜು ಓದಿದ ಗತ್ತಿನಲ್ಲಿ ನಾನೇ ಸುಜಾತಾ ಎಂದು ಬರೆದಿದ್ದೆ. ಬರೆದಾದ ಮೇಲೆ ಮರೆತೂಬಿಟ್ಟಿದ್ದೆ. ಶಾಲೆಯಿಂದ ಹೊರಗೆ ಬಂದರೆ ಹಾದಿಯಲ್ಲಿ ಹುಲ್ಲಿನ ಹೊರೆ ಹೊತ್ತಿದ್ದ ಒಬ್ಬ ಹೆಂಗಸು ನಿಂತು, “ಯವ್ವಾ, ಚಂಪಿ ಅಲ್ಲೇನ?” ಎಂದು ಕೂಗಿದಳು. ನಾನು ಕರೆದರೆ ಮೂರನೇ ಕೂಗಿಗೆ ಓಗೊಡುವ ನನ್ನ ಹೆಂಡತಿ ಓಡಿಯೇ ಹೋದಳು. ಹೊರೆ ಕೆಳಗಿಳಿಯಿತು. ಇಬ್ಬರೂ ಕೈ ಕೈ ಹಿಡಿದು ನಕ್ಕ ನಗೆಯಲ್ಲಿ ನಮ್ಮ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಕಾಯುತ್ತ ನಾನು, ಪರಿಚಯ ಮಾಡಿಸದ ಅಳಿಯನಂತೆ, ಬೇವಿನ ಮರದಡಿ ನಿಂತಿದ್ದೆ.

ಕುಲಕರ್ಣಿಯವರು ಎರಡು ದಾರಿ ತೋರಿಸಿದರು. ಪೇಪರಿನಲ್ಲಿ ಜಾಹೀರಾತು ಕೊಟ್ಟು ಕಾಯದೇಶೀರ್, ಎಂದರೆ ಕಾನೂನಿನ ಪ್ರಕಾರ, ಸುಜಾತಾ ಆಗುವುದು ಒಂದು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿ ಚಂಪಾ ಹೆಸರಿನಲ್ಲೇ ಪಾಸ್‌ಪೋರ್ಟು ಪಡೆಯುವುದು ಇನ್ನೊಂದು. ಕಂಪನಿಗೆ ಸುಜಾತಾ ಎಂದು ಬರೆದಾಗಿದೆ, ಹೆಸರು ಬದಲಾದರೆ ಟಿಕೆಟ್ಟೇ ಹೋದೀತು, ಮೊದಲನೆಯದೇ ಇರಲಿ ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು.

“ಅಹೋ, ನಮ್ಮ ಅಪ್ಪಾ ಕೈ ಹಿಡಕೊಂಡು ಹೋಗಿ ಬರಸಿದ ಹೆಸರು ಅದು. ಹಡಗ ಹತ್ತೂದಾದರ ಚಂಪಾ ಹತ್ತತಾಳ. ಸುಜಾತಾ ಬೇಕಂದ್ರ ಮನಿ ಕಾಯಲಿ.”

“ಟಿಕೀಟ ಹೋತಂದ್ರ?”

“ಹೋಗಲಿ. ಹಡಗ ನಾ ಎಲ್ಲಿ ಕೇಳಿದ್ನಿ?”

ಅಷ್ಟು ಮೆಲ್ಲಗೆ ಹೇಳಿದ ಮಾತಿಗೆ ಎದುರಾಡುವುದು ಕಷ್ಟ. ಕೋರ್ಟಿನ ಆವರಣದಲ್ಲಿ ನೋಟರಿಯವರು ಅಫಿಡವಿಟ್ಟಿನ ಮೇಲೆ ನನ್ನ ಸಹಿ ಕೇಳುತ್ತ, ಇಬ್ಬರೂ ಒಬ್ಬರೇ ಎಂದು ನಿಮಗೆ ಸ್ವತಃ ಗೊತ್ತಿದೆಯೇ ಎಂದರು. ಗೊತ್ತಿದೆ ಎಂದೆ. ಒಬ್ಬಳು ಇಪ್ಪತ್ತೆರಡು ವರ್ಷದಿಂದ ಪರಿಚಯ, ಇನ್ನೊಬ್ಬಳನ್ನು ಮೊನ್ನೆಯಷ್ಟೇ ಆರಗದಲ್ಲಿ ಕಂಡೆ ಎಂಬುದನ್ನು ಬಾಯಲ್ಲೇ ಇಟ್ಟುಕೊಂಡೆ. ಕಂಪನಿಯ ಪ್ರತಿನಿಧಿಗೆ ಫೋನು ಮಾಡಿ, ಸುಜಾತಾ ಬರುವುದಿಲ್ಲ, ಚಂಪಾ ಬರುತ್ತಾಳೆ ಎಂದೆ. ಆತ ದನಿ ತಗ್ಗಿಸಿ, “ಸಾಹೇಬ್ರ, ಸ್ವಂತ ಹೆಂಡತಿಗಷ್ಟೇ ಅವಕಾಶ” ಎಂದ. ಅಫಿಡವಿಟ್ಟಿನ ಪ್ರತಿ ಕಳಿಸುವವರೆಗೂ ಆತನ ದನಿ ಮೇಲೇರಲಿಲ್ಲ.

ಪೊಲೀಸ್ ವಿಚಾರಣೆಗೆ ಹವಾಲ್ದಾರರು ಬಂದಾಗ ನಾನು ಅಂಗಡಿಯಿಂದ ಊಟಕ್ಕೆ ಬರುತ್ತಿದ್ದೆ. ಅವರು ನಮ್ಮ ಮನೆಗೆ ಬರುವ ಬದಲು ಮೊದಲು ಪಕ್ಕದ ಮನೆಯ ಹಿರಿಯಾಕೆ ಮಾಳಿ ಕಾಕುವನ್ನು ಕೇಳಿದ್ದರು. ಕಾಕು ಸತ್ಯವಂತೆ. ಅವರ ಮಾತು ಬೀದಿಯ ತುದಿಗೇ ಕೇಳಿಸಿತು.

“ಚಂಪಾ-ಗಿಂಪಾ ಯಾರೂ ಇಲ್ಲರಿ ಇಲ್ಲೆ! ಸುಜಾತಾ ಒಬ್ಬಾಕೀನೇ. ಭಾಳ ಮರ್ಯಾದಿ ಮನಷ್ಯಾ ಆವಾ, ಅಂಥಾದ್ದೆಲ್ಲಾ ಮಾಡಂಗಿಲ್ಲ.”

ಅಷ್ಟರಲ್ಲಿ ನನ್ನನ್ನು ಕಂಡು, ಮರ್ಯಾದೆಯ ವಿಷಯದಲ್ಲಿ ತಾವು ದುಡುಕಿದೆವೇನೋ ಎಂಬಂತೆ ಮೇಲಿಂದ ಕೆಳಗೆ ನೋಡಿದರು. ಹವಾಲ್ದಾರರು, ಇನ್ನೊಬ್ಬರು ಎಲ್ಲಿರುತ್ತಾರೆ ಎಂದು ನನ್ನನ್ನೇ ಕೇಳಿದರು. ಹೆಂಡತಿ ತಾಮ್ರದ ಚೊಂಬಿನಲ್ಲಿ ನೀರು ಹಿಡಿದು ಹೊರಗೆ ಬಂದು, “ನಾನೇರಿ ಚಂಪಾ” ಎಂದಳು.

“ಅಯ್ಯ, ಇಷ್ಟು ವರ್ಷ ಹೇಳಲೇ ಇಲ್ಲಲ್ಲ?” ಎಂದರು ಕಾಕು.

“ಯಾರೂ ಕೇಳಲಿಲ್ಲರಿ, ಕಾಕು.”

ಹವಾಲ್ದಾರರು ನೀರು ಕುಡಿದರು, ನಕ್ಕರು, ಬರೆದುಕೊಂಡು ಹೋದರು. ಪಾಸ್‌ಪೋರ್ಟು ಬಂದ ದಿನ ಅವಳು ಅದನ್ನು ಹಸಿರು ಫೈಲಿಗೆ ಕೊಡಲಿಲ್ಲ. ತನ್ನ ಸೀರೆಗಳ ನಡುವೆ ಇಟ್ಟುಕೊಂಡಳು. ಟಿಕೆಟ್ಟು ಹೋಗಲಿಲ್ಲ, ನಾವು ಹೊರಟೆವು.

ಹಡಗು ಸೊಗಸಾಗಿತ್ತು. ಆದರೆ ಕೊನೆಯ ಗಳಿಗೆಯಲ್ಲಿ ಹೆಸರು ತಿದ್ದುವ ಅವಸರದಲ್ಲಿ ಯಾರೋ ನಮ್ಮ ಕೋಣೆಯನ್ನೇ ಚಂಪಾ ಎಂಬ ಹೆಸರಿಗೆ ಬರೆದಿದ್ದರು. ಮೊದಲ ದಿನ ಬೆಳಿಗ್ಗೆ ಕೋಣೆ ಗುಡಿಸಲು ಬಂದ ಫಿಲಿಪೀನ್ಸಿನ ಹೆಂಗಸು ನನಗೆ ತಲೆಬಾಗಿ, “ಗುಡ್ ಮಾರ್ನಿಂಗ್, ಮಿಸ್ಟರ್ ಚಂಪಾ!” ಎಂದಳು. ಚೌಗುಲೆ, ಚೌಗುಲೆ ಎಂದು ಎರಡು ಸಲ ಬಿಡಿಸಿ ಹೇಳಿದೆ. ಆಕೆ ಸಂತೋಷದಿಂದ ತಲೆಯಾಡಿಸಿದಳು. ಸಂಜೆ ಮತ್ತೆ, “ಗುಡ್ ಈವ್ನಿಂಗ್, ಮಿಸ್ಟರ್ ಚಂಪಾ!” ನಮ್ಮ ಜೊತೆ ಬಂದಿದ್ದ ಕೊಲ್ಹಾಪುರದ ಡೀಲರನ ಕಿವಿಗೆ ಬಿತ್ತು, ಅಲ್ಲಿಗೆ ಮುಗಿಯಿತು; ಆ ಹೆಸರು ಕೇಳಿದಾಗಲೆಲ್ಲ ಆತ ಬೇಕೆಂದೇ ಕೆಮ್ಮತೊಡಗಿದ. ಎರಡನೆಯ ದಿನ ನಾನು ಸಿಟ್ಟಾಗಿ, ಕೌಂಟರಿಗೆ ಹೋಗಿ ನನ್ನ ಹೆಸರು ಸರಿಯಾಗಿ ಬರೆಸಿಯೇ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಹೆಂಡತಿ ಕಿಟಕಿಯಾಚೆ ನೀರು ನೋಡುತ್ತಿದ್ದವಳು ತಿರುಗಲೂ ಇಲ್ಲ.

“ಇರಲಿ ಬಿಡ್ರಿ, ರೂಢಿ ಆಗತೈತಿ” ಎಂದಳು. “ನನಗೂ ಎರಡ ವರ್ಷ ಬೇಕಾತು.”

ನಾನು ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ನನಗೆ ಅಷ್ಟು ಕಾಲ ಬೇಕಾಗಲಿಲ್ಲ. ಮೂರನೆಯ ದಿನ ಊಟದ ಮನೆಯ ಬಾಗಿಲಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಒಳಗಿನಿಂದ ಒಬ್ಬರು ಚೀಟಿ ಹಿಡಿದು ಬಂದು, “ಮಿಸ್ಟರ್ ಚಂಪಾ?” ಎಂದು ಕೂಗಿದರು. ಅವಳಿಗಿಂತ ಮೊದಲು, ಕೊಲ್ಹಾಪುರದವನು ಕೆಮ್ಮುವುದಕ್ಕೂ ಮೊದಲು, ನಾನು ಎತ್ತರಕ್ಕೆ ಕೈ ಎತ್ತಿ “ಯೆಸ್!” ಎಂದೆ.