ಹಸಿರು ಸೀರೆ, ಒಂದು ತಟ್ಟೆ ಸಕ್ಕರೆ

ಗುಟ್ಟು ಕಾಪಾಡುವುದರಲ್ಲಿ ನನ್ನಂಥವನು ಗೋಕಾಕ ತಾಲೂಕಿನಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಅದೂ ಪ್ರೇಮದ ಗುಟ್ಟು! ನಲವತ್ಮೂರು ವಯಸ್ಸು, ಒಂದು ವಿಚ್ಛೇದನ, ಮೊಬೈಲಿನಲ್ಲಿ ನೋಡಿ ಮುಗಿಸಿದ ಹದಿನೇಳು ಕೊರಿಯನ್ ಸೀರಿಯಲ್ಲು. ಇಷ್ಟೆಲ್ಲ ಅನುಭವ ಇರುವವನಿಗೆ ಒಬ್ಬ ಹೆಣ್ಣುಮಗಳನ್ನು ಮನೆಗೆ ಕರೆದು, ಚಹಾ ಕುಡಿಸಿ, ಯಾರಿಗೂ ಗೊತ್ತಾಗದಂತೆ ಬಸ್ಸು ಹತ್ತಿಸುವುದು ಯಾವ ದೊಡ್ಡ ಮಾತು!

ಹೆಣ್ಣುಮಗಳೆಂದರೆ ಶೈಲಾ. ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಾವು ಭೇಟಿಯಾದದ್ದು ಹುಕ್ಕೇರಿ ಕೋರ್ಟಿನ ಬೆಂಚಿನ ಮೇಲೆ. ನನ್ನ ವಿಚ್ಛೇದನದ ಕೇಸಿಗೂ ಅವಳ ವಿಚ್ಛೇದನದ ಕೇಸಿಗೂ ಪ್ರತಿ ಸಲ ಒಂದೇ ತಾರೀಖು ಬೀಳುತ್ತಿತ್ತು. ಬೇರೆಯವರು ಪಾರ್ಕಿನಲ್ಲಿ, ಸಿನಿಮಾ ಟಾಕೀಸಿನಲ್ಲಿ ಪ್ರೇಮಿಸಿದರೆ ನಾವು ವಾಯಿದೆಯ ಮೇಲೆ ವಾಯಿದೆ ಪಡೆದು ಪ್ರೇಮಿಸಿದೆವು! ಕೇಸು ಮುಗಿದ ದಿನ ಇಬ್ಬರಿಗೂ ಬೇಸರವಾಯಿತು. ಮುಂದಿನ ತಾರೀಖನ್ನು ನಾವೇ ಹಾಕಿಕೊಂಡೆವು, ಯಮಕನಮರಡಿಯ ಹೆದ್ದಾರಿ ಪಕ್ಕದ ಒಂದು ಚಹಾದಂಗಡಿಯಲ್ಲಿ.

ನಾಲ್ಕು ತಿಂಗಳಾದ ಮೇಲೆ ನಾನು ಮದುವೆಯ ಮಾತು ತೆಗೆದೆ. ಅವಳು ಒಂದೇ ಷರತ್ತು ಹಾಕಿದಳು.

"ನಾ ಹೂಂ ಅನ್ನೂತನಕ ಒಬ್ಬರಿಗೂ ಗೊತ್ತಾಗಬಾರದ್ರಿ. ಮೊದಲನೇ ಸಲ ಓಣಿ ಮಂದಿ ಎಲ್ಲಾ ಕೂಡಿ ನನ್ನ ಬದಲಿ ಹೂಂ ಅಂದಬಿಟ್ಟಿದ್ರು. ಈ ಸಲಾನೂ ಹಂಗಾದ್ರ ನಾ ಬಸ್ ಹತ್ತಿದಾಕಿ ತಿರುಗಿ ನೋಡೂದಿಲ್ಲ."

"ನಮ್ಮ ಮನಿ ಗೋಡಿಗೂ ಗೊತ್ತಾಗೂದಿಲ್ಲ, ಬರ್ರಿ!" ಎಂದೆ.

ಅವ್ವ ಕೌಜಲಗಿಗೆ ತನ್ನ ತಂಗಿಯ ಮನೆಗೆ ಹೋದ ಭಾನುವಾರ ಶೈಲಾ ಬಂದಳು. ನಾನು ಸೀರಿಯಲ್ಲಿನ ನಾಯಕನಂತೆ ಅಂಗಿಯ ತೋಳು ಮಡಚಿ, ಎದೆಗೆ ಟವೆಲ್ ಕಟ್ಟಿಕೊಂಡು ಅವಲಕ್ಕಿ ಒಗ್ಗರಣೆ ಮಾಡಿದ್ದೆ. ತೆಳು ಅವಲಕ್ಕಿಯನ್ನು ಅರ್ಧ ತಾಸು ನೀರಿನಲ್ಲಿ ನೆನೆಸಬಾರದೆಂದು ಆ ನಾಯಕ ಯಾವ ಕಂತಿನಲ್ಲೂ ಹೇಳಿರಲಿಲ್ಲ.

"ಇದು ಅಂಬಲಿ ಏನ್ರಿ?" ಎಂದಳು ಶೈಲಾ.

"ಅವಲಕ್ಕಿರಿ."

"ಹಂಗಾರ ಚಮಚಾ ಬ್ಯಾಡ. ಒಂದ ಗ್ಲಾಸ್ ಕೊಡ್ರಿ."

ಇಬ್ಬರೂ ನಕ್ಕೆವು. ಮಾತಿನ ನಡುವೆ ಅವಳು ಇನ್ನೊಂದು ಮಾತು ಹೇಳಿದಳು. "ಡೈವೋರ್ಸ್ ಆದ ಮ್ಯಾಲ ಯಾರ ಮನಿಗೆ ಹೋದ್ರೂ ನನಗ ಉಡಿ ತುಂಬೂದಿಲ್ರಿ. ಬಾಜೂ ಕುಂತಾಕಿಗೆ ತುಂಬತಾರ. ನನಗ ಚಾ ಕೊಟ್ಟ ಕಳಸ್ತಾರ." ಅವಳು ನಗುತ್ತಲೇ ಹೇಳಿದಳು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಕಳಿಸುವುದು ದೊಡ್ಡ ಮರ್ಯಾದೆ. ಆ ಮರ್ಯಾದೆ ಇವಳಿಗೆ ಇವತ್ತೇ, ನನ್ನ ಮನೆಯಲ್ಲೇ ಆಗಬೇಕು ಎಂದು ಎದ್ದು ನಿಂತೆ.

"ಬ್ಯಾಡ್ರಿ, ನನಗ ಬಸ್ಸಿಗೆ ಹೊತ್ತಾಗತೈತಿ," ಎಂದಳು.

ಕೇಳುವವರಾರು! ಒಳಗೆ ಓಡಿದೆ. ಅಕ್ಕಿಯ ಡಬ್ಬಿ ಸಿಗಲಿಲ್ಲ; ಕೈಗೆ ಸಿಕ್ಕ ಸಕ್ಕರೆಯನ್ನೇ ತಟ್ಟೆಯ ತುಂಬ ಸುರಿದೆ. ಖಣ ಸಿಗಲಿಲ್ಲ, ಅವ್ವನ ಟ್ರಂಕಿನಲ್ಲಿ ಮೇಲೆಯೇ ಇದ್ದ ಹಸಿರು ಸೀರೆ ತೆಗೆದಿಟ್ಟೆ. ಜೊತೆಗೊಂದು ತೆಂಗಿನಕಾಯಿ. ತಯಾರಿ ಭರ್ಜರಿ! ಆಮೇಲೆ ನೆನಪಾಯಿತು, ಉಡಿಯನ್ನು ಹೆಂಗಸರೇ ತುಂಬಬೇಕು. ಮನೆಯಲ್ಲಿದ್ದ ಒಬ್ಬಳೇ ಹೆಂಗಸು ಉಡಿ ತುಂಬಿಸಿಕೊಳ್ಳುವವಳು.

ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಚನ್ನವ್ವ ಕಾಕುವನ್ನು ಕೂಗಿದೆ.

"ಕಾಕು, ಒಂದೀಟ ಬರ್ರಿ. ಒಬ್ಬರಿಗೆ ಉಡಿ ತುಂಬೂದೈತಿ."

"ಯಾರಿಗೋ ಮಲ್ಲೇಶಾ? ನಿಮ್ಮವ್ವ ಊರಾಗಿಲ್ಲ, ಯಾವ ಹೆಣಮಗಳು ಬಂದಾಳೋ?"

ಹದಿನೇಳು ಸೀರಿಯಲ್ಲಿನ ನಾಯಕರೂ ಆ ಕ್ಷಣ ನನಗೆ ಕೈಕೊಟ್ಟರು. ಶೈಲಾ ಟೀಚರ್ ಎನ್ನುವುದಷ್ಟೇ ತಲೆಯಲ್ಲಿ ಉಳಿದಿತ್ತು.

"ಟೀಚರ್ ಬಾಯಾರ್ರಿ... ಮನಿ ಸರ್ವೇಕ್ಕ ಬಂದಾರ!"

"ಸರ್ವೇಕ್ಕ? ಏ ಉದ್ದಪ್ಪಾ! ಸರ್ವೇದ ಬಾಯಾರ ಬಂದಾರಂತ, ರೇಷನ್ ಕಾರ್ಡ್ ತಗೊಂಡ ಲಗೂ ಬಾರೋ!"

ಐದೇ ನಿಮಿಷ. ನಮ್ಮ ಅಂಗಳದಲ್ಲಿ ಹದಿನಾಲ್ಕು ಜನ! ಆಧಾರ್ ಕಾರ್ಡು, ರೇಷನ್ ಕಾರ್ಡು, ಒಬ್ಬರ ಕೈಯಲ್ಲಿ ಕರೆಂಟ್ ಬಿಲ್ಲು. ಶೈಲಾ ನನ್ನನ್ನು ಒಮ್ಮೆ ನೋಡಿದಳು. ಕೋರ್ಟಿನಲ್ಲಿ ಎದುರು ವಕೀಲನನ್ನೂ ಅವಳು ಹಾಗೆ ನೋಡಿರಲಿಲ್ಲ. ಆದರೂ ನನ್ನ ಮಾನ ಉಳಿಸಲೆಂದು ಚೀಲದಿಂದ ನೋಟ್‌ಬುಕ್ ತೆಗೆದು ಬರೆಯಲು ಕೂತಳು. ನಾನು ಅವ್ವ ಗೋಡೆಯ ಗೂಡಿನಲ್ಲಿ ಎತ್ತಿಟ್ಟಿದ್ದ ಕಪ್ಪುಗಳನ್ನೆಲ್ಲ ಇಳಿಸಿ, ಬಂದವರಿಗೆಲ್ಲ ಚಹಾ ಮಾಡಿ ಹಂಚಿದೆ. ಬಾಯಲ್ಲಿ ಚಹಾ ಇದ್ದರೆ ಪ್ರಶ್ನೆ ಕೇಳುವುದಿಲ್ಲ ಎಂಬುದು ನನ್ನ ಲೆಕ್ಕ.

"ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಕೇಳಿದಳು ಶೈಲಾ.

"ಆರು ಮಂದಿ, ಎರಡ ಎಮ್ಮಿ," ಎಂದರು ಎದುರುಮನೆಯ ಉದ್ದಪ್ಪ ಕಾಕಾ.

"ಎಮ್ಮಿ ಬರ್ಯಾಕ ಬರೂದಿಲ್ರಿ."

"ಮನ್ಯಾಗ ದುಡಿಯಾವು ಅವ ಎರಡ್ರಿ ಬಾಯಾರ. ಬೇಕಾದ್ರ ನನ್ನ ಬಿಡ್ರಿ, ಅವನ್ನ ಬರಕೋರಿ."

ಅಷ್ಟರಲ್ಲಿ ಚನ್ನವ್ವ ಕಾಕು ಒಳಗಿನಿಂದ ತಟ್ಟೆ ಹಿಡಿದುಕೊಂಡು ಬಂದರು. ಹಸಿರು ಸೀರೆ ನೋಡಿದರು. ಸಕ್ಕರೆ ನೋಡಿದರು. ನನ್ನ ಎದೆಯ ಮೇಲಿನ ಟವೆಲ್ ನೋಡಿದರು.

"ಸರ್ವೇಕ್ಕ ಬಂದಾಕಿಗೆ ಹಸರ ಸೀರಿ, ಸಕ್ಕರಿ ಕೊಡ್ತಾರೇನೋ ಮಲ್ಲೇಶಾ? ಇದು ಹೆಣ್ಣ ಗಟ್ಟಿ ಮಾಡೂ ತಾಟ! ದಿನಾ ಸಂಜಿಕೆ ನಾಕ ಸೀರಿಯಲ್ ನೋಡಾಕಿ ನಾ. ನನ್ನ ಮುಂದ ಆಟ ಹೂಡ್ತಿ?"

ಖರೆ. ನಮ್ಮಲ್ಲಿ ಮದುವೆ ಗಟ್ಟಿಯಾದರೆ ಹುಡುಗಿಗೆ ಹಸಿರು ಸೀರೆಯ ಉಡಿ, ಕೂಡಿದವರಿಗೆಲ್ಲ ಸಕ್ಕರೆ. ಗಡಿಬಿಡಿಯಲ್ಲಿ ನಾನು ನಿಶ್ಚಯದ ತಟ್ಟೆಯನ್ನೇ ಜೋಡಿಸಿಟ್ಟಿದ್ದೆ! ನಾನು ಬಾಯಿ ತೆರೆಯುವುದರೊಳಗೆ ಕಾಕು ಶೈಲಾಳ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಸಕ್ಕರೆ ಹಂಚಿಯೇ ಬಿಟ್ಟರು. ಹದಿನಾಲ್ಕು ಬಾಯಿ ಸಿಹಿಯಾದವು. ನನ್ನ ಬಾಯಿ ಒಣಗಿತು. ಯಾವುದು ಮತ್ತೆ ಆಗಬಾರದೆಂದು ಅವಳು ಬೇಡಿಕೊಂಡಿದ್ದಳೋ, ಅದು ನನ್ನ ಅಂಗಳದಲ್ಲೇ ಆಗಿಹೋಯಿತು.

ಶೈಲಾ ತುಂಬಿದ ಸೆರಗು ಹಿಡಿದುಕೊಂಡು ಎದ್ದು ನಿಂತಳು. ಕಣ್ಣು ಒದ್ದೆಯಾಗಿದ್ದವು. ದನಿ ಮಾತ್ರ ಗಣಿತದ ಟೀಚರದ್ದು.

"ಉಡಿ ತುಂಬಿದ್ರಿ ಕಾಕು, ಭಾಳ ಛಲೋ ಆತ್ರಿ. ಆದ್ರ ಸಕ್ಕರಿ ನೀವೆಲ್ಲಾರೂ ತಿಂದೀರಿ. ನಾ ಇನ್ನೂ ತಿಂದಿಲ್ಲ, ಹೂಂ ಅಂದಿಲ್ಲ."

ಉದ್ದಪ್ಪ ಕಾಕಾ ಬಾಯಲ್ಲಿದ್ದುದನ್ನು ನುಂಗಲೋ ಬೇಡವೋ ಎಂದು ಹಾಗೆಯೇ ನಿಂತರು. ಶೈಲಾ ನೋಟ್‌ಬುಕ್ಕಿನ ಹೊಸ ಪುಟ ತೆರೆದು ನನ್ನ ಕಡೆ ತಿರುಗಿದಳು.

"ಈ ಮನಿ ಸರ್ವೇ ಒಂದ ಉಳದೈತಿ. ಹೇಳ್ರಿ, ಮನಿ ಯಜಮಾನ್ರು ಯಾರು?"

"ನಾನ..." ಎಂದೆ. ಓಣಿಗೆ ಓಣಿಯೇ ಕೆಮ್ಮಿತು. "ಅವ್ವರಿ," ಎಂದೆ.

"ಅಡಗಿ ಮಾಡೋರು?"

"ಅವ್ವ."

"ಅರಬಿ ಒಗಿಯೋರು?"

"ಅವ್ವ."

ಅವಳು ಬರೆಯುತ್ತ ಗಟ್ಟಿಯಾಗಿ ಓದಿದಳು. "ಅವಲಂಬಿತರು ಒಬ್ಬರು. ವಯಸ್ಸು ನಲವತ್ಮೂರು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ.

"ಮೊದಲನೇ ಮದುವಿ ಯಾಕ ಮುರೀತು?"

ಕೋರ್ಟಿನಲ್ಲಿ, ನೆಂಟರಲ್ಲಿ, ಶೈಲಾಳ ಹತ್ತಿರವೂ ನಾನು ಇದಕ್ಕೆ ಕೊಡುತ್ತ ಬಂದದ್ದು ಒಂದೇ ಉತ್ತರ: ಹೊಂದಾಣಿಕೆ ಆಗಲಿಲ್ಲ. ಅವತ್ತು ಅದು ಬಾಯಿಂದ ಹೊರಡಲಿಲ್ಲ.

"ಆಕಿ ದಿನಾ ಏನೇನೋ ಹೇಳಾಕ ಬರ್ತಿದ್ಲು. ನಾ ಮೊಬೈಲ್ ನೋಡ್ಕೋತ ಹೂಂ, ಹೂಂ ಅಂತಿದ್ದೆ. ಒಂದಿನ ನಾ ತವರಿಗೆ ಹೊಂಟೇನಿ, ಮತ್ತ ಬರೂದಿಲ್ಲ ಅಂದ್ಲು. ಅದಕ್ಕೂ ಹೂಂ ಅಂದೆ."

ಈ ಸಲ ಯಾರೂ ನಗಲಿಲ್ಲ. ನಿಜ ಹೇಳುತ್ತೇನೆ, ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಶೈಲಾ ಆ ಉತ್ತರವನ್ನು ಬರೆದುಕೊಳ್ಳಲಿಲ್ಲ. ನೋಟ್‌ಬುಕ್ ಮುಚ್ಚಿ, ಅಂಗಳದ ತುಂಬ ಬಿದ್ದಿದ್ದ ಕಪ್ಪುಗಳನ್ನು ತೋರಿಸಿದಳು.

"ಮೊದಲ ಇವನ್ನೆಲ್ಲಾ ತೊಳದ ಇಡ್ರಿ. ಸಕ್ಕರಿ ಮಾತು ಆಮ್ಯಾಲ."

ಹದಿನಾರು ಕಪ್ಪು! ಹಿತ್ತಲ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಚನ್ನವ್ವ ಕಾಕು ಬಾಗಿಲಲ್ಲಿ ನಿಂತು "ಬುಡ ತಿಕ್ಕು, ಹಿಡಿಕಿ ತಿಕ್ಕು" ಎಂದು ಉಸ್ತುವಾರಿ ಮಾಡಿದರು. ಒಂದೊಂದು ಕಪ್ಪು ತೊಳೆಯುವಾಗಲೂ ಒಂದೊಂದು ದೇವರಿಗೆ ಹರಕೆ ಹೊತ್ತೆ. ಎಲ್ಲವನ್ನೂ ಬೋರಲು ಹಾಕಿ, ಕೈ ಒರೆಸಿಕೊಂಡು ಅಂಗಳಕ್ಕೆ ಬಂದರೆ ತಟ್ಟೆಯಲ್ಲಿ ಸಕ್ಕರೆಯೂ ಇಲ್ಲ, ಅಂಗಳದಲ್ಲಿ ಶೈಲಾಳೂ ಇಲ್ಲ!

"ಕಾಕು... ಹೋದ್ರೇನ್ರಿ?"

"ಎಲ್ಲಿ ಹೋಗ್ತಾಳೋ? ಉದ್ದಪ್ಪನ ಎಮ್ಮಿ ನೋಡಾಕ ಹೋಗ್ಯಾಳ."

"ಮತ್ತ ಸಕ್ಕರಿ?"

"ತಿಂದ್ಲಲ್ಲೋ. ನೀ ಮೊದಲನೇ ಕಪ್ ತೊಳಿಯೂ ಮುಂದನ ತಿಂದ್ಲು."

"ಮತ್ತ ನನಗ್ಯಾಕ ಹೇಳಲಿಲ್ರಿ ಕಾಕು!"

"ಹೇಳಿದ್ರ ಉಳದ ಹದಿನೈದ ಯಾರ ತೊಳೀತಿದ್ರೋ?"