ಗೋದಾಮಿನ ಬಾಗಿಲಿಗೆ ಮಳೆಯ ಮರೆ

ಐಮಂಗಲದ ಹೆದ್ದಾರಿ ಪಕ್ಕದ ಗೋದಾಮಿನ ಬಾಗಿಲಿಗೂ, ಅಲ್ಲಿಗೆ ಹಿಮ್ಮುಖವಾಗಿ ಬಂದು ನಿಲ್ಲುವ ಲಾರಿಗೂ ನಡುವೆ ಒಂದು ಮೊಳ ಸಂದು. ಬೆಳಿಗ್ಗೆ ಆ ಸಂದಿನಲ್ಲಿ ಅಡ್ಡಮಳೆ ನುಗ್ಗಿ, ತುಂಬುತ್ತಿದ್ದ ಮೆಕ್ಕೆಜೋಳದ ಚೀಲಗಳನ್ನು ತೋಯಿಸಿಬಿಟ್ಟಿತು. ಮಳೆ ಬಿದ್ದದ್ದು ಜೋಳದ ಮೇಲೆ, ಬೈಗುಳ ಬಿದ್ದದ್ದು ಸೂಪರ್‌ವೈಸರ್ ಮಾರುತೇಶನ ಮೇಲೆ.

"ಸಂಜೆ ಒಳಗೆ ಬಾಗ್ಲಿಗೊಂದು ಮರೆ ಆರಿಸು. ಇಲ್ಲಾಂದ್ರೆ ನಿನಗೂ ಬಾಗ್ಲು ತೋರಿಸ್ತೀನಿ," ಎಂದರು ಸಾವ್ಕಾರ ಪಂಚಾಕ್ಷರಪ್ಪ.

ಮಾರುತೇಶನಿಗೆ ಮೈಯೆಲ್ಲ ಉರಿಯಿತು. ಮರೆ ಬೇಕೆಂದು ಎರಡು ಮಳೆಗಾಲದಿಂದ ಬಾಯಿ ಬಡಿದುಕೊಂಡವನು ಅವನೇ! "ನಮ್ಮ ಸೀಮೆಯಾಗೆ ಮಳೆ ಎಲ್ಲೈತಪ್ಪ?" ಎಂದು ಆಗ ನಕ್ಕವರು ಇದೇ ಸಾವ್ಕಾರರು.

ಬಾಗಿಲ ಮರೆ ಮಾರುವ ಕಂಪನಿಯ ಶರಣ್ ಎರಡು ನಮೂನೆಯ ಮರೆಗಳನ್ನು ಟೆಂಪೋದಲ್ಲಿ ತಂದಿಳಿಸುವಷ್ಟರಲ್ಲಿ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು.

"ಇದೆಲ್ಲ ಯಾಕೆ ಮಾರುತೇಶಣ್ಣ? ನಮ್ಮಂಗಡಿ ಟಾರ್ಪಾಲು ಕಟ್ಟು, ಮೊಮ್ಮಕ್ಕಳ ಕಾಲಕ್ಕೂ ಬಾಳ್ತೈತೆ," ಎಂದ ಎದುರಂಗಡಿಯ ಬಡೇಸಾಬ.

"ತಗಡು ಹಾಕ್ಸ್ರಿ, ಅಗಲಕ್ಕೆ! ಕೆಳಗೆ ಕುಂತ್ಕಂಡು ಬೀಡಿನಾದ್ರೂ ಸೇದಬೌದು," ಎಂದ ಹಮಾಲರ ಮೇಸ್ತ್ರಿ ಯತ್ತಪ್ಪ.

"ಯಾವುದಾದ್ರೂ ಹಾಕ್ರಪ್ಪ, ಹಸಿರು ಬಣ್ಣ ಇರ್ಲಿ. ಕಣ್ಣಿಗೆ ತಂಪು," ಎಂದಳು ಚಹಾದಂಗಡಿಯ ಅನ್ನಪೂರ್ಣಮ್ಮ.

"ಮದುವೆ ಚಪ್ಪರ ಅಲ್ಲಮ್ಮ ಇದು!" ಎಂದು ಮಾರುತೇಶ ಕೂಗಿದ.

ಶರಣ್ ಮೊದಲ ನಮೂನೆ ತೋರಿಸಿದ. ಬಾಗಿಲ ಸುತ್ತ ಹಾಸಿಗೆಯಂಥ ದಪ್ಪ ಮೆತ್ತೆ. ಲಾರಿ ಬಂದು ಒತ್ತಿದರೆ ಸಂದು ಮುಚ್ಚುತ್ತದೆ.

"ಎಲ್ಲಾ ಲಾರಿ ಒಂದೇ ಅಳತೆ ಇದ್ರೆ ಇದು ಸರಿ. ನಮ್ಮಲ್ಲಿಗೆ ಬರೋವು ಒಂದು ಒಂಟೆ, ಒಂದು ಕುರಿ," ಎಂದ ಮಾರುತೇಶ.

"ನೋಡಾಕೆ ಗಟ್ಟಿ ಐತೆ, ಇದೇ ಹಾಕ್ರಿ," ಎಂದರು ಸಾವ್ಕಾರರು.

ಹಾಕಿದ್ದೂ ಆಯಿತು. ಹೊಸದುರ್ಗದಿಂದ ಬಂದ ಹಳೇ ಲಾರಿಯೊಂದು ಹಿಂದೆ ಸರಿದು, ತನ್ನ ಮುರುಕು ಕೊಂಡಿಯಿಂದ ಮೆತ್ತೆಯನ್ನು ಉದ್ದಕ್ಕೆ ಸೀಳಿತು. ಒಳಗಿನ ಸ್ಪಂಜು ಕುರಿಯ ಉಣ್ಣೆಯಂತೆ ಅಂಗಳದ ತುಂಬ ಹಾರಾಡಿತು.

"ಏನಪ್ಪ, ನೋಡಿ ಆರಿಸಬಾರ್ದಾ?" ಎಂದರು ಸಾವ್ಕಾರರು.

"ಆರಿಸಿದ್ದು ನಾನಾ?" ಮಾರುತೇಶನ ದನಿ ಹೆದ್ದಾರಿಯ ಹಾರನ್ನುಗಳನ್ನೂ ಮೀರಿತು. "ಈಗ ಒಬ್ರೂ ಬಾಯಿ ಬಿಡಬ್ಯಾಡ್ರಿ! ಆ ಇನ್ನೊಂದು, ಪರದೆದು ಹಾಕ್ರಿ!"

ಎರಡನೆಯದರಲ್ಲಿ ಮೇಲೊಂದು, ಪಕ್ಕಕ್ಕೆರಡು ದಪ್ಪ ಪರದೆಗಳು. ಲಾರಿ ಎತ್ತರವಿರಲಿ ಕುಳ್ಳಗಿರಲಿ, ಪರದೆಗಳು ಬಾಗಿ ಅದರ ಮೈಗೆ ಅಂಟಿಕೊಳ್ಳುತ್ತವೆ. ಸಂಜೆ ಮಳೆ ಧೋ ಎಂದು ಸುರಿಯಿತು. ಲಾರಿ ಬಂತು, ಪರದೆ ತಬ್ಬಿಕೊಂಡಿತು. ಮಾರುತೇಶ ಒಂದೊಂದು ಚೀಲವನ್ನೂ ಸವರಿ ನೋಡಿದ. ಎಲ್ಲವೂ ಒಣಗೇ ಇದ್ದವು. ಅವನ ಕಣ್ಣೇ ತುಸು ಒದ್ದೆಯಾಯಿತು.

"ಬಟ್ಟೆದೇ ಹಾಕು ಅಂತ ನಾನು ಮೊದ್ಲೇ ಹೇಳ್ಲಿಲ್ವಾ?" ಎಂದ ಬಡೇಸಾಬ.

ಸಾವ್ಕಾರರು ಹಿಗ್ಗಿ ಹೀರೇಕಾಯಿಯಾದರು. "ಗೋದಾಮಿನ ಆರೂ ಬಾಗ್ಲಿಗೆ ಇದೇ! ಇನ್ಮೇಲೆ ಮಳೆ ಬಂತು ಅಂತ ಕೆಲಸ ನಿಲ್ಸೋ ಹಂಗಿಲ್ಲ."

ಅಷ್ಟರಲ್ಲಿ ಎರಡನೇ ಲಾರಿ ಮಳೆಯಲ್ಲಿ ದಾರಿ ಕಾಣದೆ ಓರೆಯಾಗಿ ಬಂದು, ಪರದೆಯ ಚೌಕಟ್ಟಿಗೆ ಕೂದಲೆಳೆಯ ಅಂತರದಲ್ಲಿ ಬಡಿಯದೆ ನಿಂತಿತು. ಶರಣ್ ಎದೆ ಹಿಡಿದುಕೊಂಡ. "ನೇರ ಬರ್ಲಿಲ್ಲ ಅಂದ್ರೆ ಚೌಕಟ್ಟು ಮುರಿಯುತ್ತೆ ಸಾರ್. ಲಾರಿ ಬರುವಾಗೆಲ್ಲ ಒಬ್ರು ಹೊರಗೆ ನಿಂತು ದಾರಿ ತೋರಿಸ್ಬೇಕು. ಮಳೆಯಲ್ಲಂತೂ ತಪ್ಪಿಸೋ ಹಾಗೇ ಇಲ್ಲ."

ಒಳಗೆ ಬೆಚ್ಚಗೆ ನಿಂತಿದ್ದವರೆಲ್ಲ ಒಟ್ಟಿಗೆ ಮಾರುತೇಶನ ಕಡೆ ತಿರುಗಿದರು.

"ಆರಿಸಿದೋನು ನೀನೇ ಅಲ್ವೇನಪ್ಪ?" ಎಂದರು ಸಾವ್ಕಾರರು, ತುಂಬ ಪ್ರೀತಿಯಿಂದ.

ಇಷ್ಟು ದಿನ ಮಳೆ ಬಂದರೆ ಕೆಲಸ ನಿಲ್ಲಿಸಿ ಒಳಗೆ ಚಹಾ ಕುಡಿಯುತ್ತಿದ್ದ ಮಾರುತೇಶ, ಈಗ ಅಂಗಳದ ನಡುವೆ ನಿಂತು, ಹಲ್ಲು ಕಡಿಯುತ್ತ "ಬರ್ಲಿ, ಬರ್ಲಿ, ರೈಟ್!" ಎಂದು ಕೈ ಬೀಸತೊಡಗಿದ. "ಎಡಕ್ಕೆ ತಗಳಪ್ಪ!" ಎಂದು ಒಳಗಿನಿಂದ ಎಲ್ಲರೂ ಸಲಹೆ ಕೊಟ್ಟರು. ಕೊನೆಗೆ ಲಾರಿ ನಿಂತಿತು. ನೀರು ಸುರಿಸುತ್ತ ಅವನು ಬಾಗಿಲಿಗೆ ಬಂದಾಗ ಸಾವ್ಕಾರರು ಕೈ ಅಡ್ಡ ಹಿಡಿದರು.

"ಅಲ್ಲೇ ನಿಲ್ಲಪ್ಪ ಮಾರುತೇಶ, ಒಳಗೆ ಬರಬ್ಯಾಡ. ಚೀಲ ನೆಂದಾವು!"