ಹಾಲಿನ ಡಕ್ಟು

"ಇವತ್ತಿಂದ ಈ ಮನೇಲಿ ಯಾವ ಕೆಲಸಾನೂ ನನಗೆ ಎರಡನೇ ಸಲ ಹೇಳೋ ಹಾಗಿಲ್ಲ. ಒಂದು ಮಾತು ಕಿವಿಗೆ ಬಿದ್ರೆ ಸಾಕು, ಕೆಲಸ ಆಯ್ತು ಅಂತಲೇ ತಿಳ್ಕೊಳ್ಳಿ!"

ಬೆಳಗಿನ ಕಾಫಿ ಲೋಟ ಕೆಳಗಿಡುತ್ತ ಗಾಳಿ ಮೇಸ್ತ್ರಿ ಹೀಗೆ ಘೋಷಿಸಿದಾಗ ಎದುರಿಗಿದ್ದವರು ಅತ್ತೆ. ಮೊಮ್ಮಗಳು ಹುಟ್ಟಿ ಒಂದೂವರೆ ತಿಂಗಳಾಗಿತ್ತು, ಬಾಣಂತನಕ್ಕೆಂದು ಬಂದಿದ್ದ ಅವರು ಹಿಂದಿನ ಸಂಜೆಯಷ್ಟೇ ಒಂದು ಬಾಣ ಬಿಟ್ಟಿದ್ದರು: "ನಮ್ಮ ಅಳಿಯಂದ್ರು ಊರವರ ಮನೆ ಗಾಳಿಯನ್ನೆಲ್ಲ ಸರಿ ಮಾಡ್ತಾರೆ. ಮನೇಲಿ ಹೇಳಿದ ಮಾತು ಮಾತ್ರ ಗಾಳಿಗೇ ಹೋಗುತ್ತೆ!"

ಮಾತು ನಾಟಿತ್ತು. ಏಕೆಂದರೆ ಆತನ ಕಸುಬೇ ಗಾಳಿಯದು. ದೊಡ್ಡ ಕಟ್ಟಡಗಳ ಚಾವಣಿಯಲ್ಲಿ ತಂಪು ಗಾಳಿ ಹರಿಯುವ ತಗಡಿನ ಡಕ್ಟುಗಳಿರುತ್ತವಲ್ಲ, ಅವುಗಳೊಳಗೆ ಕಟ್ಟಿದ ಧೂಳನ್ನು ತೆಗೆಯುವುದರಲ್ಲಿ ಹದಿನೈದು ವರ್ಷ ಸವೆಸಿದ ಧೀರ! ತಗಡಿಗೆ ಕಿವಿಯಿಟ್ಟೇ ಎಲ್ಲಿ ಕಟ್ಟಿದೆ ಎಂದು ಹೇಳಬಲ್ಲ. ಆದರೆ ಸ್ವಂತ ಮನೆಯ ಡಕ್ಟಿಗೆ ನಾಲ್ಕು ವರ್ಷದಿಂದ ಬ್ರಷ್ ತೋರಿಸಿರಲಿಲ್ಲ.

ಆತ ಚಪ್ಪಲಿ ಮೆಟ್ಟುವಾಗ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಏನೋ ಹೇಳಿದಳು. "ಹೂಂ, ಹೂಂ" ಎಂದು ಹೊರಟೇಬಿಟ್ಟ.

ಹನ್ನೊಂದು ಗಂಟೆಗೆ ಫೋನು ಬಂತು. ಆಗ ಆತನಿದ್ದದ್ದು ಒಂದು ಗ್ರಂಥಾಲಯದ ಚಾವಣಿಯಲ್ಲಿ. ಸೊಂಟದವರೆಗಿನ ಮೈ ಡಕ್ಟಿನೊಳಗೆ, ಕಾಲು ಏಣಿಯ ಮೇಲೆ. ಕೆಳಗೆ ಏಣಿ ಹಿಡಿದಿದ್ದವನು ಜೊತೆಗಾರ ವೈರ್‌ಮನ್.

"ರೀ, ಬೇಗ ಬನ್ನಿ. ಹಾಲಿನ ಡಕ್ಟು ಬ್ಲಾಕ್ ಆಗಿದೆಯಂತೆ."

"ಯಾರು ಹೇಳಿದ್ದು?"

"ಪಕ್ಕದ ಮನೆ ನರ್ಸಮ್ಮ. ಮುಟ್ಟಿ ನೋಡಿದ್ರು. ಒಳಗೆ ಗಂಟು ಕಟ್ಟಿದೆ ಅಂದ್ರು."

ಮೇಸ್ತ್ರಿಗೆ ರೇಗಿತು. ರಿಟೈರಾದ ನರ್ಸಮ್ಮ ಏಣಿ ಹತ್ತಿ ತನ್ನ ಮನೆಯ ಹಾಲಿನ ಚಾವಣಿಗೆ ಕೈ ಹಾಕುವುದೆಂದರೇನು! "ಅವರಿಗೇನು ಗೊತ್ತು ಡಕ್ಟಿನ ವಿಷ್ಯ? ಅದರಲ್ಲಿ ಡಾಕ್ಟ್ರು ನಾನು! ಎಡಗಡೇದೋ ಬಲಗಡೇದೋ?"

"ಎಡಗಡೇದು. ಮುಟ್ಟಿದ್ರೆ ಸುಡ್ತಿದೆ ಕಣ್ರೀ."

"ಸುಡ್ತಿದೆಯಾ? ಹಾಗಾದ್ರೆ ಪೂರ್ತಿ ಕಟ್ಟಿದೆ. ಯಾರೂ ಕೈ ಹಾಕ್ಬೇಡಿ! ನಾನು ದೊಡ್ಡ ಮಿಷನ್ ತಂದು ಒಂದೇ ಸಲ ಎಳೀತೀನಿ. ಒಳಗಿರೋದೆಲ್ಲ ಹೊರಗೆ ಬಂದ್ಬಿಡ್ಬೇಕು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಬ್ರಷ್ ಹಾಕಿ ತಿಕ್ತೀನಿ!"

"...ಬ್ರಷ್ಷಾ?"

"ತಂತಿ ಬ್ರಷ್ಷು!"

ಫೋನು ಕಟ್ಟಾಯಿತು. ತಗಡಿನೊಳಗೆ ಸಿಗ್ನಲ್ ನಿಲ್ಲುವುದಿಲ್ಲ ಎಂದುಕೊಂಡು ಮೇಸ್ತ್ರಿ ಇಳಿದು ಬಂದ. "ಒಂದೇ ಮಾತು, ನೋಡು! ಹೇಳಿದ್ಲು, ಹೊರಟೆ!" ಎಂದು ವೈರ್‌ಮನ್‌ನ ಬೆನ್ನು ತಟ್ಟಿ, ಮಿಷನ್ನನ್ನು ವ್ಯಾನಿಗೇರಿಸಿದ.

ಮನೆಯ ಬಾಗಿಲಲ್ಲಿ ಅತ್ತೆ ಎರಡೂ ಕೈ ಚಾಚಿ ಕೋಟೆ ಬಾಗಿಲಿನಂತೆ ನಿಂತಿದ್ದರು.

"ಅಳಿಯಂದ್ರೇ, ಅದನ್ನ ಹೊರಗಿಡಿ!"

"ಹೊರಗಿಟ್ರೆ ಕೆಲಸ ಆಗೋದು ಹೇಗೆ, ಅತ್ತೆ? ಅವಳೆಲ್ಲಿ?"

"ಮಗೂನ ಎತ್ಕೊಂಡು ನರ್ಸಮ್ಮನ ಮನೆಗೆ ಹೋದ್ಲು. ನೀವು ಆಡಿದ ಮಾತು ಕೇಳಿ ಹೆದರಿಬಿಟ್ಟಿದ್ದಾಳೆ."

"ಹೋಗಿದ್ದೇ ಒಳ್ಳೇದಾಯ್ತು ಬಿಡಿ. ಅವಳಿಲ್ಲದಿದ್ರೇ ಕೆಲಸ ಸಲೀಸು!"

ಮಗಳಿಲ್ಲದೆ ಈ ಕೆಲಸ ಹೇಗೆ ಸಲೀಸಾದೀತೆಂದು ಅತ್ತೆ ಬಾಯಿ ತೆರೆದು ಯೋಚಿಸುವಷ್ಟರಲ್ಲಿ, ಅವರ ತೋಳಿನಡಿಯಿಂದ ನುಸುಳಿ ಮೇಸ್ತ್ರಿ ಹಾಲಿಗೆ ನುಗ್ಗಿಯಾಗಿತ್ತು. ಎಡಗಡೆಯ ಜಾಲರಿ ಬಿಚ್ಚಿದ. ಕೊಳವೆ ಸಿಕ್ಕಿಸಿದ. ಸ್ವಿಚ್ ಹಾಕಿದ.

ಅವಸರದಲ್ಲಿ ಕೊಳವೆಯನ್ನು ತಿರುಗುಮುರುಗು ಸಿಕ್ಕಿಸಿದ್ದ. ಎಳೆಯಬೇಕಿದ್ದ ಮಿಷನ್ನು ಊದಿತು!

ಎಡಗಡೆ ಊದಿದ್ದು ಬಲಗಡೆಯ ಜಾಲರಿಯಿಂದ ಧೊಪ್ಪನೆ ಹೊರಬಿತ್ತು. ನಾಲ್ಕು ವರ್ಷದ ಧೂಳು! ಗ್ರಹಣ ಹಿಡಿದಂತೆ ಹಾಲು ಕತ್ತಲಾಯಿತು. ಒಣಹಾಕಿದ್ದ ಮಗುವಿನ ಇಪ್ಪತ್ತು ಬಿಳಿ ಬಟ್ಟೆಗಳು ಬೂದಿ ಬಣ್ಣಕ್ಕೆ ತಿರುಗಿದವು. ಸದ್ದಿಗೆ ಓಡಿ ಬಂದ ಅತ್ತೆಯ ನರೆಗೂದಲು ಕಣ್ಣೆದುರೇ ಕಪ್ಪಾಗಿ, ಅವರಿಗೆ ಮೂವತ್ತು ವರ್ಷ ಪ್ರಾಯ ಮರಳಿತು. ಕೆಮ್ಮು ಮಾತ್ರ ತೊಂಬತ್ತರದು.

ಸ್ವಿಚ್ ಆರಿಸಿ ಕಣ್ಣುಜ್ಜಿಕೊಂಡಾಗ ಬಾಗಿಲ ಹೊರಗೆ ಹೆಂಡತಿ ನಿಂತಿದ್ದಳು. ಮುಖ ಜ್ವರದಿಂದ ಕೆಂಪಾಗಿತ್ತು. ಪಕ್ಕದಲ್ಲಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡ ನರ್ಸಮ್ಮ.

"ಏನ್ರೀ ಇದು?"

"ನೀನೇ ಹೇಳಿದ್ಯಲ್ಲ, ಹಾಲಿನ ಡಕ್ಟು..."

ನರ್ಸಮ್ಮ ಚಾವಣಿ ನೋಡಿದರು, ಮಿಷನ್ ನೋಡಿದರು, ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನಪ್ಪಾ! ಕೂತ್ಕೊಳ್ಳೋ ಹಾಲಲ್ಲ, ಕುಡಿಯೋ ಹಾಲು! ಎದೆಹಾಲು ಬರೋ ನಾಳ ಕಟ್ಟಿದೆ ಈ ಹುಡುಗಿಗೆ!"

ಫೋನಿನಲ್ಲಿ ತಾನಾಡಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಎಳೀತೀನಿ. ತಿಕ್ತೀನಿ. ತಂತಿ ಬ್ರಷ್ಷು. ಕಿವಿಯಿಂದ ಕತ್ತಿನವರೆಗೆ ಬಿಸಿಯೇರಿತು. ಭೂಮಿ ಬಾಯಿಬಿಟ್ಟಿದ್ದರೆ ಮಿಷನ್ ಸಮೇತ ಇಳಿದುಬಿಡುತ್ತಿದ್ದ.

ನರ್ಸಮ್ಮ ನಕ್ಕರು. ಕೆಮ್ಮಿನ ನಡುವೆ ಅತ್ತೆಯೂ ನಕ್ಕರು. ಹೆಂಡತಿ ನಗಲಿಲ್ಲ.

"ಮೂರು ದಿನದಿಂದ ಹೇಳ್ತಿದ್ದೆ, ನೋಯ್ತಿದೆ ಅಂತ. ಬೆಳಿಗ್ಗೆ ಕೂಡ ಹೇಳ್ದೆ, ರಾತ್ರಿಯಿಂದ ಚಳಿಜ್ವರ, ಡಾಕ್ಟ್ರ ಹತ್ರ ಹೋಗೋಣ ಅಂತ. ಹೂಂ ಅಂದ್ರಿ."

ಅಷ್ಟೇ ಹೇಳಿದಳು. ಅದರಲ್ಲಿ ಸಿಟ್ಟಿದ್ದಿದ್ದರೆ ಆತ ಏನಾದರೂ ಎದುರಾಡುತ್ತಿದ್ದನೇನೋ. ದಣಿವೊಂದೇ ಇತ್ತು. ತಗಡಿನೊಳಗಿನ ಧೂಳಿನ ಸದ್ದು ಕೇಳುವ ಕಿವಿಗೆ, ಪಕ್ಕದಲ್ಲೇ ನಿಂತು ನರಳುತ್ತಿದ್ದವಳ ಮಾತು ಕೇಳಿರಲಿಲ್ಲ. ಮಿಷನ್ನನ್ನು ಹಾಲಿನಲ್ಲೇ ಬಿಟ್ಟು, ವ್ಯಾನಿನಲ್ಲಿ ಅದಿದ್ದ ಜಾಗ ಒರೆಸಿ ಹೆಂಡತಿಯನ್ನು ಕೂರಿಸಿ, ಅತ್ತೆಯನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟ.

"ಸೋಂಕು ಶುರುವಾಗಿದೆ. ಇವತ್ತೇ ಬಂದದ್ದು ಒಳ್ಳೇದಾಯ್ತು," ಎಂದರು ಡಾಕ್ಟರಮ್ಮ. "ಮಾತ್ರೆ ಕೊಡ್ತೀನಿ. ಮಗೂಗೆ ಹಾಲು ಕೊಡೋದು ನಿಲ್ಲಿಸ್ಬೇಡಿ. ತಣ್ಣೀರು ಬಟ್ಟೆ ಇಡಿ. ಉಜ್ಜೋದು, ಹಿಂಡೋದು ಕೂಡದು!"

ಮೇಸ್ತ್ರಿ ಗೋಡೆಯ ಕ್ಯಾಲೆಂಡರನ್ನು ಭಾರೀ ಆಸಕ್ತಿಯಿಂದ ಓದತೊಡಗಿದ.

"ಮುಖ್ಯವಾಗಿ ವಿಶ್ರಾಂತಿ ಬೇಕು. ಮನೆ ಚೊಕ್ಕಟವಾಗಿ, ಧೂಳಿಲ್ಲದ ಹಾಗೆ ಇದೆ ತಾನೇ?"

ಕಪ್ಪು ಕೂದಲಿನ ಅತ್ತೆ ಜೋರಾಗಿ ಕೆಮ್ಮಿದರು.

ತಾಯಿ ಮಗು ನಾಲ್ಕು ದಿನ ನರ್ಸಮ್ಮನ ಮನೆಯಲ್ಲೇ ಉಳಿದರು. ಮೇಸ್ತ್ರಿ ರಜೆ ಹಾಕಿ ಗೋಡೆ ಒರೆಸಿದ, ನೆಲ ತಿಕ್ಕಿದ, ಇಪ್ಪತ್ತು ಬಟ್ಟೆಗಳನ್ನು ಮೂರು ಸಲ ಒಗೆದ. ದಿನಕ್ಕೆ ಆರು ಸಲ ಪಕ್ಕದ ಮನೆಯ ಬಾಗಿಲಲ್ಲಿ ನಿಂತು, "ಈಗ ಹೇಗಿದೆ?" ಎಂದು ಕೇಳಿದ. ಉತ್ತರ ಮುಗಿಯುವವರೆಗೆ ನಿಂತೂ ಇದ್ದ. ಮೂರನೆಯ ದಿನ ಜ್ವರ ಬಿಟ್ಟಿತು. ಆ ಸಂಜೆ, ಬಕೆಟ್ ಹಿಡಿದು ನಿಂತ ಗಂಡನ ಮೂಗಿನ ತುದಿಯ ಮಸಿ ಕಂಡು ಹೆಂಡತಿ ಕೊನೆಗೂ ಕಿಸಕ್ಕನೆ ನಕ್ಕಳು. ಆತನ ಕಣ್ಣು ತುಂಬಿತು. ಧೂಳು ಬಿತ್ತು ಎಂದ.

ವಾರದ ಮೇಲೆ ಮತ್ತೆ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಪರೀಕ್ಷಿಸಿ, ಗಂಟು ಪೂರ್ತಿ ಕರಗಿದೆ ಎಂದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ನೀವು ಡಕ್ಟ್ ಕೆಲಸದವರಂತೆ? ಚೆನ್ನಾಗಾಯ್ತು. ಇಲ್ಲೂ ಒಂದು ಡಕ್ಟು ಕಟ್ಟಿಕೊಂಡಿದೆ, ಬಂದು ನೋಡ್ತೀರಾ?" ಎಂದು ಕೇಳಿದರು.

ಮೇಸ್ತ್ರಿಯ ಕಿವಿ ಕೆಂಪಾಯಿತು. ನೆಲ ನೋಡುತ್ತ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹೆಂಡತಿ ಎದ್ದು ನಿಂತಳು.

"ಬಾಯಲ್ಲಿ ಹೇಳ್ಬೇಡಿ ಡಾಕ್ಟ್ರೇ, ಯಾವ ಡಕ್ಟು ಅಂತ ಚೀಟೀಲಿ ಬರೆದುಕೊಡಿ!"